ಕೆಲಸ ಕಗ್ಗಂಟಾಯಿತೇ? ಎದ್ದು ಒಂದಾಟ ಆಡಿ

ಕೊಪ್ಪಳ ಜಿಲ್ಲೆಯ ಇರಕಲ್ಲಗಡದಂಥ ಊರಿನಲ್ಲಿ ಕೆಲಸದ ಕಗ್ಗಂಟಿಗೇನೂ ಬರವಿಲ್ಲ. ಟೇಲರ್‌ಗೆ ಗಿರಾಕಿ ಕೊಟ್ಟ ಬಟ್ಟೆ ತೋಳಿಗೆ ಸಾಲುತ್ತಿಲ್ಲ. ಮಾಸ್ತರರು ಎಷ್ಟು ಸಲ ಹೇಳಿದರೂ ಮಕ್ಕಳ ತಲೆಗೆ ಭಿನ್ನರಾಶಿ ಹತ್ತುತ್ತಿಲ್ಲ. ಅಣ್ಣತಮ್ಮಂದಿರ ಎರಡು ಹೊಲಕ್ಕೆ ಒಂದೇ ಬೋರ್‌ವೆಲ್, ನೀರಿನ ಸರದಿ ಹೊಂದುತ್ತಿಲ್ಲ. ‘ತಲಿ ಓಡವಲ್ದು’ ಎನ್ನುತ್ತಲೇ ಕುಳಿತಲ್ಲೇ ತಿಣುಕುತ್ತೇವೆ. ಎದ್ದು ಹೋದರೆ ‘ಕೆಲಸ ಬಿಟ್ಟು ಆಟಕ್ಕ ಕುಂತಾನ’ ಎಂಬ ಮಾತು ಕೇಳಬೇಕಾದೀತೆಂಬ ಅಂಜಿಕೆ ಬೇರೆ. ಆದರೆ ಹದವರಿತು ಆಡಿದ ಆಟವೂ ಕೆಲಸದ ಒಂದು ಭಾಗವೇ.

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎರಡನೇ ಮಹಾಯುದ್ಧದ ನಂತರ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಹೊಸದೇನೂ ಹೊಳೆಯದೆ ಬೇಸತ್ತಿದ್ದರು. ಇನ್ನು ಮೇಲೆ ಮೋಜಿಗಷ್ಟೇ ಲೆಕ್ಕ ಮಾಡುತ್ತೇನೆಂದು ತೀರ್ಮಾನಿಸಿದರು. ಅಷ್ಟರಲ್ಲಿ ಕ್ಯಾಂಟೀನಿನಲ್ಲಿ ಯಾರೋ ಒಂದು ತಟ್ಟೆಯನ್ನು ಮೇಲಕ್ಕೆ ತೂರಿದರು. ಅದು ತಿರುಗುವುದಕ್ಕೂ ಓಲಾಡುವುದಕ್ಕೂ ಏನು ಸಂಬಂಧವೆಂದು ಅವರು ಸುಮ್ಮನೆ ಲೆಕ್ಕ ಹಾಕಿದರು. ಆ ಹುಡುಗಾಟವೇ ತಮ್ಮನ್ನು ಹಳೆಯ ಸಂಶೋಧನೆಗೆ ಮರಳಿಸಿತೆಂದು ಮುಂದೆ ಬರೆದುಕೊಂಡರು. ಆ ಸಂಶೋಧನೆಗೆ 1965ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ನಮ್ಮ ಮಟ್ಟದಲ್ಲಿ ಇದನ್ನು ರೂಢಿಸಿಕೊಳ್ಳುವುದು ಹೇಗೆ? ಇಲ್ಲಿವೆ ಐದು ಹೆಜ್ಜೆಗಳು.

1. ಮೊದಲು ಬೆವರು ಹರಿಸಿ

ಕೆಲಸ ಮುಟ್ಟುವ ಮೊದಲೇ ಆಟಕ್ಕೆ ಎದ್ದರೆ ಅದು ಮೈಗಳ್ಳತನ. 2009ರಲ್ಲಿ ಬ್ರಿಟನ್ನಿನ ಇಬ್ಬರು ಮನಶ್ಶಾಸ್ತ್ರಜ್ಞರು ಕೆಲಸದ ನಡುವಿನ ಬಿಡುವಿನ ಕುರಿತ 117 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ನಡುವೆ ಬಿಡುವು ಕೊಟ್ಟರೆ ಸಮಸ್ಯೆ ಬಿಡಿಸಲು ಅನುಕೂಲವೆಂದು ಕಂಡಿತು. ಬಿಡುವಿಗೆ ಮುನ್ನ ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡವರಿಗೆ ಲಾಭವೂ ಹೆಚ್ಚು. ಆದ್ದರಿಂದ ತೋಚಿದ ದಾರಿಗಳನ್ನೆಲ್ಲ ಮೊದಲು ನೋಡಿಬಿಡಿ. ಅದೇ ತಪ್ಪು ದಾರಿಯನ್ನು ಮತ್ತೆ ಮತ್ತೆ ತುಳಿಯತೊಡಗಿದಿರಾ? ಅದೇ ಏಳುವ ಹೊತ್ತು.

2. ತೊಡಕನ್ನು ಒಂದೇ ಸಾಲಿನಲ್ಲಿ ಬರೆಯಿರಿ

‘ಬಟ್ಟೆ ಸಾಲುತ್ತಿಲ್ಲ’ ಎಂದರೆ ಅದು ಗೋಳು. ‘ಕಾಲು ಮೀಟರ್ ಕಡಿಮೆ ಇದೆ, ತೋಳಿನ ತುಂಡು ಎಲ್ಲಿಂದ ತೆಗೆಯಲಿ?’ ಎಂದರೆ ಪ್ರಶ್ನೆ. ಚೀಟಿಯಲ್ಲಿ ಇದನ್ನು ಬರೆದು ಮೇಜಿನ ಮೇಲೆ ಬಿಟ್ಟು ಹೋಗಿ. ಮರಳಿ ಬಂದಾಗ ಎಲ್ಲಿಂದ ಶುರು ಮಾಡಬೇಕೆಂಬ ತಡಕಾಟ ಇರುವುದಿಲ್ಲ.

3. ಕೆಲಸಕ್ಕೆ ತದ್ವಿರುದ್ಧವಾದ ಆಟ ಆರಿಸಿ

ಕುಳಿತು ಮಾಡುವ ಕೆಲಸದವರು ಮೈ ಆಡಿಸಲಿ. ಲಗೋರಿ, ಚಿಣ್ಣಿದಾಂಡು, ವಾಲಿಬಾಲ್ ಯಾವುದಾದರೂ ಆದೀತು. ಆಡಲು ಜೊತೆ ಸಿಗದಿದ್ದರೆ ನಡೆಯಿರಿ. ನಡಿಗೆಯಿಂದ ಹೊಸ ಆಲೋಚನೆಗಳು ಹೆಚ್ಚುತ್ತವೆ, ಕುಳಿತ ಮೇಲೂ ಕೆಲಹೊತ್ತು ಅದರ ಗುಣ ಉಳಿಯುತ್ತದೆ ಎಂಬುದನ್ನು 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಗಳಲ್ಲಿ ಕಂಡರು.

ದಿನವಿಡೀ ಮೈಮುರಿದು ದುಡಿಯುವವರಿಗೆ ಕಟ್ಟೆಯ ಮೇಲಿನ ಆಟವೇ ಸರಿ. ಈ ಸೀಮೆಗೆ ಅದು ಹೊಸತಲ್ಲ. ಹೊಳೆಯಾಚೆಯ ಹಂಪಿಯ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಹುಲಿ–ಕುರಿ ಆಟವನ್ನೇ ನೋಡಿ. ಸಾಮಾನ್ಯವಾಗಿ 3 ಹುಲಿ, 15 ಕುರಿ. ಬೆನ್ನ ಹಿಂದಿನ ಮನೆ ಖಾಲಿ ಇರುವ ಕುರಿಯ ಮೇಲೆ ಹುಲಿ ಜಿಗಿದು ತಿನ್ನುತ್ತದೆ. ಪ್ರತಿ ಕುರಿಯನ್ನೂ ಉಳಿಸಲು ಹೋದವನು ಸೋಲುತ್ತಾನೆ. ಒಂದನ್ನು ಬಿಟ್ಟುಕೊಟ್ಟು, ಉಳಿದವನ್ನು ಒತ್ತೊತ್ತಾಗಿ ಇಟ್ಟು ಹುಲಿಯ ದಾರಿ ಕಟ್ಟಿದವನು ಗೆಲ್ಲುತ್ತಾನೆ. ಒಂದು ತುಂಡಿನ ಮೇಲೆಯೇ ನೆಟ್ಟಿದ್ದ ಕಣ್ಣು ಇಲ್ಲಿ ಇಡೀ ಆಟವನ್ನು ನೋಡಲು ಕಲಿಯುತ್ತದೆ.

ಮೊಬೈಲ್ ಗೇಮ್ ಬೇಡ. ಒಂದು ಪರದೆಯಿಂದ ಎದ್ದು ಇನ್ನೊಂದು ಪರದೆಗೆ ಅಂಟಿಕೊಂಡರೆ ಕಣ್ಣಿಗೂ ಬಿಡುವಿಲ್ಲ, ಮನಸ್ಸಿಗೂ ಇಲ್ಲ.

4. ಆಟಕ್ಕೆ ಗಡುವು ಇರಲಿ

ಅರ್ಧ ಗಂಟೆ ಅಥವಾ ಒಂದು ಬಾಜಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಚೌಕಾಬಾರದ ಕವಡೆ ಕೈಗೆ ಬಂದರೆ ‘ಇನ್ನೊಂದಾಟ’ ಎನ್ನುವವರೇ ಹೆಚ್ಚು. ದುಡ್ಡು ಕಟ್ಟುವ ಆಟ ಖಂಡಿತ ಬೇಡ. ಅದರಲ್ಲಿ ಮನಸ್ಸು ಹಗುರಾಗುವುದಿಲ್ಲ, ಹೊಸ ಚಿಂತೆಯೊಂದು ಹತ್ತಿಕೊಳ್ಳುತ್ತದೆ. ಆಡುವಾಗ ಕೆಲಸದ ಮಾತು ತೆಗೆಯಬೇಡಿ.

5. ಹೊಳೆದದ್ದನ್ನು ಬರೆದು, ಪರೀಕ್ಷಿಸಿ

ಉಪಾಯ ಹೇಳಿ ಕೇಳಿ ಬರುವುದಿಲ್ಲ. ಬಂದ ಕೂಡಲೇ ಎರಡು ಪದವಾದರೂ ಗೀಚಿಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಿ. ಹೊಳೆದದ್ದೆಲ್ಲ ಸರಿಯಾಗಿರಬೇಕೆಂದಿಲ್ಲ. ಟೇಲರ್ ಆದರೆ ಕತ್ತರಿ ಹಾಕುವ ಮುನ್ನ ಕಾಗದದ ಮೇಲೆ ಕತ್ತರಿಸಿ ನೋಡಲಿ. ಹೊಲದವರು ಹೊಸ ನೀರಿನ ಸರದಿಯನ್ನು ಒಂದು ವಾರ ನಡೆಸಿ ನೋಡಲಿ. ಏನೂ ಹೊಳೆಯಲಿಲ್ಲವೇ? ಚೀಟಿ ತೆರೆದು ಮತ್ತೆ ಶುರು ಮಾಡಿ. ಕಣ್ಣಾದರೂ ಹೊಸದಾಗಿರುತ್ತದೆ.

ಎಲ್ಲಿ ನಡೆಯದು?

ಎಲ್ಲ ತೊಡಕಿಗೂ ಆಟ ಮದ್ದಲ್ಲ. ಹಲವು ದಾರಿಗಳಿರುವ, ಬೇರೆ ಬಗೆಯಲ್ಲಿ ಯೋಚಿಸಬೇಕಾದ ಕೆಲಸಕ್ಕೆ ಅದು ಒದಗುತ್ತದೆ. ಮಾಹಿತಿ ಇಲ್ಲದೆ ನಿಂತ ಕೆಲಸಕ್ಕೆ ಬೇಕಾದದ್ದು ಮಾಹಿತಿ. ಪಹಣಿಯಲ್ಲಿ ಹೆಸರು ತಪ್ಪಿದ್ದರೆ ನಾಡಕಚೇರಿಗೆ ಹೋಗಲೇಬೇಕು. ನಾಳೆಯೇ ಕಟ್ಟಬೇಕಾದ ಕಂತಿಗೆ ಲಗೋರಿ ಆಡಿ ಪ್ರಯೋಜನವಿಲ್ಲ. ನಿದ್ದೆಗೆಟ್ಟವರಿಗೆ ಬೇಕಾದದ್ದೂ ಆಟವಲ್ಲ, ನಿದ್ದೆ.

ಕೊಪ್ಪಳ ಆಟಿಕೆಗಳ ಜಿಲ್ಲೆ. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಬಂದಿದೆ. ಆಟಿಕೆ ಮಾಡುವ ಈ ನಾಡಿನಲ್ಲಿ ದೊಡ್ಡವರು ಆಡಲು ನಾಚಬೇಕಿಲ್ಲ. ಅಂಗಡಿ ಮಾಲೀಕರೇ, ಹೆಡ್‌ಮಾಸ್ತರರೇ, ಕೈಕೆಳಗಿನವರು ಸಂಜೆ ಅರ್ಧ ಗಂಟೆ ಆಡಿದರೆ ಹುಬ್ಬು ಗಂಟಿಕ್ಕಬೇಡಿ. ಸಾಧ್ಯವಾದರೆ ನೀವೂ ಒಂದು ಕೈ ಸೇರಿಕೊಳ್ಳಿ.