ಹಿತ್ತಲ ಕೋಳಿಗಳಲ್ಲಿ ಜಗಳಗಂಟ ಹುಂಜ: ಹತೋಟಿ ಮತ್ತು ಗಾಯದ ಆರೈಕೆ

ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಸಾಕುವುದು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಖರ್ಚು ಕಡಿಮೆ, ಮೊಟ್ಟೆ ಮಾರಿದ ಹಣ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಕೈ ಸೇರುತ್ತದೆ. ಆದರೆ ಹಿಂಡಿನಲ್ಲಿ ಒಂದು ಹುಂಜ ಜನರ ಮೇಲೆ ಹಾರುವ ಚಾಳಿ ಕಲಿತರೆ ಹಿತ್ತಲಿಗೆ ಹೋಗುವುದೇ ಕಷ್ಟವಾಗುತ್ತದೆ. ದೊಡ್ಡವರಿಗೆ ಕಾಲಿನ ಮೇಲೊಂದು ಗೀರು ಬೀಳಬಹುದು, ಅಷ್ಟೆ. ಎರಡು ಮೂರು ವರ್ಷದ ಮಗುವಿನ ಮುಖವಾದರೋ ಹುಂಜದ ಮುಳ್ಳು ಮತ್ತು ಕೊಕ್ಕು ತಲುಪುವ ಎತ್ತರದಲ್ಲೇ ಇರುತ್ತದೆ. ಆದುದರಿಂದ ಇದನ್ನು ತಮಾಷೆಯೆಂದು ಬಿಡತಕ್ಕದ್ದಲ್ಲ.

ಹುಂಜ ಏಕೆ ಮೇಲೆ ಬೀಳುತ್ತದೆ?

ಕೋಳಿಗಳಲ್ಲಿ ಮೇಲು ಕೀಳೆಂಬ ಶ್ರೇಣಿಯುಂಟು. ಯಾವುದು ಯಾವುದನ್ನು ಕುಕ್ಕಬಹುದು ಎಂಬುದು ಹಿಂಡಿನಲ್ಲಿ ನಿಶ್ಚಯವಾಗಿರುತ್ತದೆ. ಹುಂಜ ಸುಮಾರು 5ರಿಂದ 6 ತಿಂಗಳಿಗೆ ಪ್ರಾಯಕ್ಕೆ ಬರುತ್ತಲೇ ಈ ಶ್ರೇಣಿಯಲ್ಲಿ ಮೇಲೇರಲು ಕಾದಾಡುತ್ತದೆ. ಹೇಂಟೆಗಳನ್ನು ಕಾಯುವುದು ಅದರ ಹುಟ್ಟುಗುಣ. ಗಿಡುಗ ಕಂಡರೆ ಕೂಗಿ ಎಚ್ಚರಿಸುವ ಗುಣವೇ, ಸರಸರನೆ ಬರುವ ಮನುಷ್ಯನನ್ನು ಶತ್ರುವೆಂದು ತಿಳಿದಾಗ ದಾಳಿಯಾಗುತ್ತದೆ. ಮರಿಯಿದ್ದಾಗ ಕೈಯಲ್ಲಿ ಆಡಿಸಿ ಸಲುಗೆ ಕೊಟ್ಟ ಹುಂಜಗಳಿಗೆ ಮನುಷ್ಯರ ಅಂಜಿಕೆ ಇರುವುದಿಲ್ಲ. ಅಂಥವು ದೊಡ್ಡದಾದ ಮೇಲೆ ಮನೆಯವರನ್ನೇ ಪ್ರತಿಸ್ಪರ್ಧಿಯೆಂದು ಎಣಿಸುವುದುಂಟು.

ದಾಳಿಗೆ ಮುಂಚೆ ಹುಂಜ ಸೂಚನೆ ಕೊಡುತ್ತದೆ. ಒಂದು ರೆಕ್ಕೆ ಇಳಿಬಿಟ್ಟು ಓರೆಯಾಗಿ ಹೆಜ್ಜೆ ಹಾಕುವುದು, ಕತ್ತಿನ ಗರಿ ನಿಮಿರಿಸುವುದು, ತಲೆ ತಗ್ಗಿಸಿ ದಿಟ್ಟಿಸುವುದು ಇವೇ ಲಕ್ಷಣಗಳು. ಇವನ್ನು ಮಕ್ಕಳಿಗೂ ತಿಳಿಸಿಕೊಡಬೇಕು.

ಹುಂಜಗಳ ಸಂಖ್ಯೆ

ಅನೇಕ ಮನೆಗಳಲ್ಲಿ ಜಗಳಕ್ಕೆ ಮೂಲ ಕಾರಣ ಹುಂಜಗಳ ಸಂಖ್ಯೆ ಹೆಚ್ಚಾಗಿರುವುದು. 8ರಿಂದ 10 ಹೇಂಟೆಗಳಿಗೆ ಒಂದು ಹುಂಜ ಸಾಕು. ಉದಾಹರಣೆಗೆ, 12 ಹೇಂಟೆಗಳಿರುವ ಮನೆಯಲ್ಲಿ 4 ಹುಂಜಗಳಿವೆ ಎನ್ನೋಣ. ಅವು ತಮ್ಮಲ್ಲೇ ಕಾದಾಡುವುದಲ್ಲದೆ ಒಂದೇ ಹೇಂಟೆಯನ್ನು ಮತ್ತೆ ಮತ್ತೆ ಮೆಟ್ಟುತ್ತವೆ. ಹೇಂಟೆಯ ಬೆನ್ನಿನ ಗರಿ ಉದುರಿ ಚರ್ಮ ಹರಿಯುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಬೆಳೆದ ಹುಂಜ ದಿನಕ್ಕೆ 100 ಗ್ರಾಮಿಗೂ ಮಿಗಿಲಾಗಿ ತಿನ್ನುತ್ತದೆ. ಹೆಚ್ಚುವರಿ ಹುಂಜಗಳ ಈ ಮೇವೆಲ್ಲ ನಷ್ಟವೇ. ಅವನ್ನು ಪ್ರಾಯಕ್ಕೆ ಬಂದ ಕೂಡಲೆ ಮಾರುವುದು ಲೇಸು. ಯುಗಾದಿಯ ಮರುದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಒಳ್ಳೆಯ ಬೇಡಿಕೆ ಇರುತ್ತದೆ. ಆದರೆ ಕಾಳಗಕ್ಕೆಂದು ಕೇಳುವವರಿಗೆ ಕೊಡಬಾರದು. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಮೊಟ್ಟೆ ಇಡಲು ಹುಂಜ ಬೇಕೇ ಬೇಕೆಂಬ ನಂಬಿಕೆ ಸರಿಯಲ್ಲ. ಹುಂಜ ಬೇಕಾಗುವುದು ಮರಿ ಮಾಡಿಸಲು ಮಾತ್ರ.

ಹುಂಜದ ಎದುರು ನಡೆದುಕೊಳ್ಳುವ ರೀತಿ

1. ಒದೆಯಬಾರದು, ಕಲ್ಲೆಸೆಯಬಾರದು. ಹೊಡೆತವನ್ನು ಹುಂಜ ಕಾಳಗದ ಕರೆಯೆಂದೇ ತಿಳಿಯುತ್ತದೆ.

2. ಬೆನ್ನು ತೋರಿಸಿ ಓಡಬಾರದು. ಓಡಿದರೆ ಗೆದ್ದೆನೆಂದು ತಿಳಿದು ಮರುದಿನ ಮತ್ತೆ ಬರುತ್ತದೆ. ನಿಂತಲ್ಲೇ ನಿಂತು, ಮಂಕರಿ ಅಥವಾ ಮೊರವನ್ನು ಅಡ್ಡ ಹಿಡಿದು, ಅದು ಸರಿದ ಮೇಲೆ ನಿಧಾನವಾಗಿ ಹೆಜ್ಜೆಯಿಡಬೇಕು.

3. ಹುಂಜವನ್ನು ಹಿಡಿಯಬೇಕಾದರೆ ಕತ್ತಲಾದ ಮೇಲೆ ಹಿಡಿಯಿರಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು. ಗದ್ದಲವಿಲ್ಲದೆ ಕೈಗೆ ಬರುತ್ತದೆ.

4. ಮೊಟ್ಟೆ ತರಲು ಚಿಕ್ಕ ಮಕ್ಕಳನ್ನು ಒಂಟಿಯಾಗಿ ಕಳುಹಿಸತಕ್ಕದ್ದಲ್ಲ.

ಕಾಲಿನ ಮುಳ್ಳು

ಮುಳ್ಳಿನ ಹೊರಗೆ ಉಗುರಿನಂಥ ಕವಚವಿದ್ದು ಒಳಗೆ ರಕ್ತ ಹರಿಯುವ ಎಲುಬಿರುತ್ತದೆ. ಆದುದರಿಂದ ಬುಡಕ್ಕೆ ಕತ್ತರಿಸಬಾರದು. ಚೂಪಾದ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಿದರೆ ಸಾಕು. ರಕ್ತ ಬಂದರೆ ಪಟಿಕದ ಪುಡಿ ಒತ್ತಿ, ಶುಭ್ರವಾದ ಬಟ್ಟೆಯಿಂದ ಕೆಲವು ನಿಮಿಷ ಅದುಮಿ ಹಿಡಿಯಬೇಕು.

ಗಾಯಗೊಂಡ ಕೋಳಿಯ ಆರೈಕೆ

ಕೋಳಿಗಳಿಗೆ ಕೆಂಪು ಬಣ್ಣದತ್ತ ಸೆಳೆತ ಹೆಚ್ಚು. ರಕ್ತ ಕಂಡರೆ ಹಿಂಡೆಲ್ಲ ಕೂಡಿ ಅಲ್ಲಿಯೇ ಕುಕ್ಕಿ, ಸಣ್ಣ ಗಾಯದ ಕೋಳಿಯನ್ನೂ ಕೊಂದುಹಾಕಬಹುದು. ಹೀಗಾಗಿ ಮೊದಲ ಕೆಲಸವೆಂದರೆ ಗಾಯಗೊಂಡ ಕೋಳಿಯನ್ನು ಬೇರೆ ಮಂಕರಿಯಡಿ ಇಡುವುದು. ಕುದಿಸಿ ಆರಿಸಿದ ಉಪ್ಪುನೀರಿನಿಂದಲೋ, ತಿಳಿ ಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಿಂದಲೋ ಗಾಯ ತೊಳೆಯಬೇಕು. ನೊಣ ಕೂರದಂತೆ ಸುತ್ತಲೂ ಬೇವಿನೆಣ್ಣೆ ಸವರಬಹುದು. ನಾಯಿ, ಬೆಕ್ಕು ಅಥವಾ ಮುಂಗುಸಿ ಕಚ್ಚಿದ್ದರೆ ಗರಿ ಬಿಡಿಸಿ ಮೈಯೆಲ್ಲ ನೋಡತಕ್ಕದ್ದು. ಹಲ್ಲಿನ ತೂತು ಗರಿಯಡಿ ಅಡಗಿರುತ್ತದೆ. ಗಾಯ ಆಳವಾಗಿದ್ದರೆ, ಹುಳು ಬಿದ್ದಿದ್ದರೆ, ಕೋಳಿ ಮೇವು ಬಿಟ್ಟಿದ್ದರೆ ಪಶುವೈದ್ಯರಿಗೆ ತೋರಿಸಿ. ಗಾಯ ಒಣಗಿದ ಮೇಲೆಯೇ ಹಿಂಡಿಗೆ ಬಿಡಬೇಕು. ಕತ್ತಲಲ್ಲಿ ಗೂಡಿಗೆ ಸೇರಿಸಿದರೆ ಜಗಳ ಕಡಿಮೆ.

ಮನುಷ್ಯರಿಗೆ ಗಾಯವಾದರೆ

ಹುಂಜದ ಮುಳ್ಳಿಗೆ ಸಗಣಿ, ಮಣ್ಣು, ಹಿಕ್ಕೆ ಅಂಟಿರುತ್ತವೆ. ಮೇಲೆ ಚುಕ್ಕೆಯಂತೆ ಕಂಡರೂ ಗಾಯ ಆಳಕ್ಕಿಳಿದಿರಬಹುದು. ಕೂಡಲೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಸುಣ್ಣ, ಕಾಫಿಪುಡಿ ತುಂಬಬಾರದು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಹುಚ್ಚುನಾಯಿ ರೋಗ ಸಸ್ತನಿಗಳದ್ದು; ಕೋಳಿ ಕುಕ್ಕಿದರೆ ಬರುವುದಿಲ್ಲ. ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜದೆ, ಒತ್ತದೆ, ಎದೆಹಾಲು ಮುಂತಾದವನ್ನು ಹಾಕದೆ, ಅದೇ ದಿನ ಕಣ್ಣಿನ ವೈದ್ಯರ ಬಳಿ ಕರೆದೊಯ್ಯಬೇಕು.

ತಿದ್ದಲಾಗದ ಹುಂಜ

ಎರಡು ಮೂರು ವಾರ ಹೀಗೆ ನಡೆದುಕೊಂಡರೂ ಚಾಳಿ ಬಿಡದ ಹುಂಜವನ್ನು ಎಷ್ಟೇ ಚೆಂದವಿದ್ದರೂ ಇಟ್ಟುಕೊಳ್ಳಬಾರದು. ಜಗಳಗಂಟತನ ಸ್ವಲ್ಪಮಟ್ಟಿಗೆ ಮರಿಗಳಿಗೂ ಇಳಿದುಬರುತ್ತದೆ. ದೇವರಿಗೆ ಬಿಟ್ಟ ಹುಂಜವಾದರೆ, ಹಬ್ಬದವರೆಗೆ ಬೇರೆ ಗೂಡಿನಲ್ಲಿಟ್ಟು ಸಾಕಿರಿ.

ಹುಂಜ ಹೋದರೆ ಮರಿ ನಿಂತೀತೆಂಬ ಚಿಂತೆ ಬೇಡ. ಕೂಡಿದ ನಂತರ ಹೇಂಟೆಯ ದೇಹದಲ್ಲಿ ವೀರ್ಯ ಕೆಲವು ದಿನ ಉಳಿಯುವುದರಿಂದ, ಹುಂಜ ತೆಗೆದ ಮೇಲೂ ಸುಮಾರು ಒಂದು ವಾರದವರೆಗಿನ ಮೊಟ್ಟೆಗಳನ್ನು ಕಾವಿಗೆ ಇಡಬಹುದು. ಅಷ್ಟರಲ್ಲಿ ಸಾಧು ಸ್ವಭಾವದ ಹುಂಜವೊಂದನ್ನು ಆರಿಸಿ ತರಬೇಕು. ಗಿಡುಗ ಬಂದಾಗ ಕೂಗಬೇಕು, ಕಾಳು ಕಂಡಾಗ ಹೇಂಟೆಗಳನ್ನು ಕರೆಯಬೇಕು, ಮನೆಯ ಮಗು ಹತ್ತಿರ ಸುಳಿದಾಗ ಪಕ್ಕಕ್ಕೆ ಸರಿಯಬೇಕು. ಅಂಥ ಹುಂಜವೇ ಹಿತ್ತಲಿಗೆ ಯೋಗ್ಯ.