ಮನೆಯೊಳಗಿನ ಮುಗಿಯದ ಸುಗ್ಗಿ

"ಗಂಡು ಹಕ್ಕಿಯೇ ಇಲ್ಲವಲ್ಲ, ಮೊಟ್ಟೆ ಹೇಗಿಟ್ಟಿತು?" ಒಂಟಿ ಕಾಕಟೀಲ್ ಸಾಕಿದವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ. ಬೂದು ಮೈಯ, ಕೆನ್ನೆಯ ಮೇಲೆ ಮಾಸಲು ಕಿತ್ತಳೆ ಬೊಟ್ಟಿರುವ ನಮ್ಮ ಬೆಳ್ಳಿ ಮೊದಲ ಸಲ ಪಂಜರದ ಮೂಲೆಯಲ್ಲಿ ಪುಟ್ಟ ಬಿಳಿ ಮೊಟ್ಟೆ ಇಟ್ಟಾಗ ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದವರೆಲ್ಲ ಕೇಳಿದ್ದು ಇದನ್ನೇ.

ಉತ್ತರ ಸುಲಭ. ಅಂಗಡಿಯಿಂದ ತರುವ ಫಾರಂ ಕೋಳಿಯ ಮೊಟ್ಟೆಗೂ ಹುಂಜಕ್ಕೂ ಸಂಬಂಧವಿರುವುದಿಲ್ಲ. ಕಾಲ ಕೂಡಿಬಂದಾಗ ಹೆಣ್ಣು ಹಕ್ಕಿಯ ದೇಹ ತಾನಾಗಿ ಮೊಟ್ಟೆ ಕಟ್ಟುತ್ತದೆ. ಗಂಡು ಕೂಡಿದ್ದರೆ ಅದರಿಂದ ಮರಿಯಾಗುತ್ತದೆ, ಇಲ್ಲದಿದ್ದರೆ ಬರಿಯ ಮೊಟ್ಟೆ. ಉತ್ತರಿಸಲು ಕಷ್ಟವಾದ ಪ್ರಶ್ನೆ ಬೇರೆ ಇದೆ. ಕಾಲ ಕೂಡಿಬಂತೆಂದು ಆ ದೇಹಕ್ಕೆ ಹೇಳಿದವರು ಯಾರು? ಬೆಳ್ಳಿಯ ಜೊತೆ ಕಳೆದ ವರ್ಷಗಳು ನನಗೆ ಕಲಿಸಿದ ಉತ್ತರ ಇಷ್ಟು: ಹೇಳಿದ್ದು ನಮ್ಮ ಮನೆ.

ಬಯಲ ಹಕ್ಕಿ, ಮನೆಯ ಬೆಳಕು

ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಹಾಗಾಗಿ ಹಕ್ಕಿ ಬೇಕೆನ್ನುವವರು ಕಾಕಟೀಲಿನಂಥ ಹೊರದೇಶದ ಹಕ್ಕಿಗಳತ್ತ ತಿರುಗುತ್ತಾರೆ. ಇಲ್ಲಿ ಮಾರಾಟಕ್ಕಿರುವವು ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದವು. ಆದರೂ ಅವುಗಳ ದೇಹ ಇವತ್ತಿಗೂ ನಡೆಯುವುದು ಮೂಲ ನೆಲೆಯ ಲೆಕ್ಕದಲ್ಲೇ. ಆ ನೆಲೆ ಆಸ್ಟ್ರೇಲಿಯಾದ ಒಣ ಒಳನಾಡು.

ಅಲ್ಲಿ ಮಳೆ ಯಾವಾಗ ಬರುತ್ತದೆಂದು ಹೇಳಲಾಗದು. ಬಂದಾಗ ಹುಲ್ಲು ಚಿಗುರಿ ತೆನೆಗಟ್ಟುತ್ತದೆ, ಹಳ್ಳಗಳು ತುಂಬುತ್ತವೆ. ಕಾಕಟೀಲ್ ಜೋಡಿಗಳು ನೀರಿನ ಆಸುಪಾಸಿನ ನೀಲಗಿರಿ ಮರಗಳ ಪೊಟರೆ ಹುಡುಕಿ ಸಂಸಾರ ಹೂಡುತ್ತವೆ. ಹೊಟ್ಟೆ ತುಂಬ ಕಾಳು, ಹತ್ತಿರದಲ್ಲಿ ನೀರು, ಕತ್ತಲೆಯ ಗೂಡು, ಪಕ್ಕದಲ್ಲೊಂದು ಜೊತೆ: ಇಷ್ಟು ಸಿಕ್ಕರೆ ಮೊಟ್ಟೆಯ ಕಾಲ. ನೆಲ ಒಣಗಿತೆಂದರೆ ಆ ಕಾಲವೂ ಮುಗಿಯುತ್ತದೆ.

ಇನ್ನು ನಮ್ಮ ಮನೆ ನೋಡಿ. ಬಟ್ಟಲಲ್ಲಿ ನವಣೆ, ಸೂರ್ಯಕಾಂತಿ ಬೀಜ ಯಾವತ್ತೂ ತುಂಬಿರುತ್ತಿತ್ತು. ಹೊರಗೆ ಹೊತ್ತು ಮುಳುಗಿದರೂ ಕೊನೆಯ ಧಾರಾವಾಹಿ ಮುಗಿಯುವವರೆಗೆ ಹಾಲಿನಲ್ಲಿ ಟ್ಯೂಬ್‌ಲೈಟ್. ಬೀರುವಿನ ಅಡಿಯಲ್ಲಿ ಪೊಟರೆಯಂಥದೇ ಕತ್ತಲೆ. ಸಾಲದ್ದಕ್ಕೆ ಹಗಲೆಲ್ಲ ಮುದ್ದು ಮಾಡುವ ಮನುಷ್ಯರು. ಬಯಲಿನಲ್ಲಿ ಎಂದೋ ಬಂದು ಹೋಗುವ ಸುಗ್ಗಿ ಇಲ್ಲಿ ವರ್ಷವಿಡೀ ಮುಗಿಯುವುದಿಲ್ಲ.

ಒಂದು ಮೊಟ್ಟೆಯ ಬೆಲೆ

ಕಾಕಟೀಲ್ ತೂಗುವುದು ಸಾಮಾನ್ಯವಾಗಿ 80ರಿಂದ 100 ಗ್ರಾಂ. ಅದರ ಮೊಟ್ಟೆ ಸುಮಾರು 5 ಗ್ರಾಂ. ಒಂದು ಸಲ ಇಡತೊಡಗಿದರೆ ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುವುದು ವಾಡಿಕೆ. ಹಕ್ಕಿ ತನ್ನ ತೂಕದ ನಾಲ್ಕನೆಯ ಒಂದು ಭಾಗದಷ್ಟನ್ನು ಒಂದೆರಡು ವಾರದೊಳಗೆ ಹೊರಗೆ ಹಾಕಿದ ಹಾಗಾಯಿತು. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕಾಗಿ ದೇಹ ಮೊದಲೇ ತನ್ನ ಎಲುಬಿನ ಟೊಳ್ಳುಗಳಲ್ಲಿ ಕ್ಯಾಲ್ಸಿಯಂ ಕೂಡಿಟ್ಟುಕೊಳ್ಳುತ್ತದೆ. ಆಹಾರದಿಂದ ಬರುವುದು ಸಾಲದೆ ಹೋದರೆ ಎಲುಬೇ ಸವೆಯುತ್ತದೆ. ಮತ್ತೆ ಮತ್ತೆ ಮೊಟ್ಟೆಯಿಡುವ ಹಕ್ಕಿಯ ಕಾಲು ಮುರಿಯುವುದೂ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದೂ ಇದರಿಂದಲೇ.

ಆದ್ದರಿಂದ ಮೊದಲು ಬದಲಾಯಿಸಿದ್ದು ಬಟ್ಟಲನ್ನು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ನವಣೆಯಲ್ಲಿರುವುದು ಅದರ ಹತ್ತರಲ್ಲೊಂದು ಪಾಲು. ನವಣೆಯ ಜೊತೆಗೆ ರಾಗಿ ಸೇರಿತು. ಬೆಳಿಗ್ಗೆ ನುಗ್ಗೆಸೊಪ್ಪಿನ ಒಂದು ಕಡ್ಡಿಯನ್ನು ಪಂಜರಕ್ಕೆ ಸಿಕ್ಕಿಸುತ್ತೇನೆ, ಬೆಳ್ಳಿ ಎಲೆ ಎಲೆಯಾಗಿ ಬಿಡಿಸಿ ತಿನ್ನುತ್ತಾಳೆ. ಪಾಲಕ್ ಸೊಪ್ಪು ಹಸಿರಾಗಿ ಕಂಡರೂ ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ, ಅದನ್ನು ಕೊಡುವುದಿಲ್ಲ. ಕೊಬ್ಬು ತುಂಬಿದ ಸೂರ್ಯಕಾಂತಿ ಬೀಜ ಈಗ ಕರೆದಾಗ ಕೈಮೇಲೆ ಬಂದು ಕೂತದ್ದಕ್ಕೆ ಸಿಗುವ ಬಹುಮಾನ ಮಾತ್ರ. ಪಂಜರದ ಸರಳಿಗೆ ಕಟಲ್‌ಬೋನ್ ಸದಾ ಕಟ್ಟಿರುತ್ತದೆ. ಅದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಕಡಲಜೀವಿಗಳ ಜಾತಿಯದರ ಒಳಚಿಪ್ಪು, ತುಂಬ ಕ್ಯಾಲ್ಸಿಯಂ ಇರುವಂಥದು. ಮೊಟ್ಟೆಯಿಡುವ ಮುನ್ನ ಬೆಳ್ಳಿ ಅದನ್ನು ಬಿಡದೆ ಕೆರೆಯುವುದನ್ನು ನೋಡಿದರೆ ತನಗೇನು ಬೇಕೆಂದು ಅವಳ ದೇಹಕ್ಕೇ ಗೊತ್ತಿದೆ ಅನ್ನಿಸುತ್ತದೆ.

ಕ್ಯಾಲ್ಸಿಯಂ ತಿಂದರಷ್ಟೇ ಸಾಲದು, ಮೈಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಮುಚ್ಚಿದ ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಿಂದ ಇದು ಆಗುವುದಿಲ್ಲ, ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ದಿನಾ ಬೆಳಿಗ್ಗೆ ಪಂಜರವನ್ನು ಬಾಲ್ಕನಿಗೆ ತಂದು, ಅರ್ಧಕ್ಕೆ ನೆರಳಾಗುವಂತೆ ಬಟ್ಟೆ ಹೊದಿಸಿ, ಹದ್ದು, ಕಾಗೆ, ಬೆಕ್ಕುಗಳ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ಕೂರುತ್ತೇನೆ. ಪೇಪರ್ ಓದುವುದೂ ಅಲ್ಲೇ.

ತೆಗೆಯದೆ ಬಿಡುವುದು

ಮರಿಯಾಗದ ಮೊಟ್ಟೆಯನ್ನು ಇಟ್ಟುಕೊಂಡು ಏನು ಮಾಡುವುದು, ತೆಗೆದು ಎಸೆದುಬಿಡಿ ಎಂದು ಹಲವರು ಹೇಳಿದರು. ಹಕ್ಕಿಗಳನ್ನು ನೋಡುವ ಪಶುವೈದ್ಯರೊಬ್ಬರು ತಡೆದರು. "ತೆಗೀಬೇಡಿ ಮೇಡಂ. ಅವಳಿಗೇ ಸಾಕು ಅನ್ನಿಸಲಿ, ಅಲ್ಲೀವರೆಗೂ ಕೂರಲಿ."

ಕಾರಣವನ್ನೂ ವಿವರಿಸಿದರು. ಮೊಟ್ಟೆ ಕಾಣೆಯಾದರೆ ಹಕ್ಕಿ ಆ ಜಾಗ ತುಂಬಲು ಇನ್ನೊಂದು ಇಡುತ್ತದೆ, ತೆಗೆದಷ್ಟೂ ಇಡುತ್ತಲೇ ಹೋಗುತ್ತದೆ. ಹೊಟ್ಟೆಯಡಿ ಮೊಟ್ಟೆ ತಾಕುತ್ತಿದ್ದರೆ ಇಡುವುದು ನಿಂತು ಕಾವು ಕೊಡುವುದು ಶುರುವಾಗುತ್ತದೆ. ಕಾವಿನ ಅವಧಿ ಸುಮಾರು 18ರಿಂದ 21 ದಿನ. ಅಷ್ಟಾದರೂ ಮರಿ ಹೊರಬರದಿದ್ದರೆ ಹಕ್ಕಿ ನಿಧಾನವಾಗಿ ಎದ್ದು ಹೋಗುತ್ತದೆ. ಆಮೇಲೆ ಮೊಟ್ಟೆಗಳನ್ನು ತೆಗೆಯಬಹುದು. ಒಡೆದದ್ದನ್ನು ಮಾತ್ರ ಆಗಲೇ ತೆಗೆಯಬೇಕು. ಹಾಗೇ ಮಾಡಿದೆ, ಪ್ರತಿ ಸಲವೂ ಬೆಳ್ಳಿ ತಾನಾಗಿಯೇ ಎದ್ದಳು.

ಆ ದಿನಗಳಲ್ಲಿ ಅವಳ ಸ್ವಭಾವ ಬೇರೆಯೇ. ಕೈ ಹತ್ತಿರ ಹೋದರೆ ಬುಸುಗುಟ್ಟುತ್ತಾಳೆ, ಮೈಯನ್ನು ಎಡಕ್ಕೂ ಬಲಕ್ಕೂ ತೂಗುತ್ತಾಳೆ. ರಾತ್ರಿಯೆಲ್ಲ ತಡೆದುಕೊಂಡು ಬೆಳಿಗ್ಗೆ ಒಮ್ಮೆಲೇ ಹಾಕುವ ಹಿಕ್ಕೆ ದೊಡ್ಡದಾಗಿರುತ್ತದೆ, ವಾಸನೆಯೂ ಹೆಚ್ಚು. ಇದು ಕಾಯಿಲೆಯಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು ಸಂಗತಿ. ಕಾಕಟೀಲ್ ಜೋಡಿಯಲ್ಲಿ ಕಾವಿನ ಪಾಳಿ ಇರುತ್ತದೆ. ಹಗಲು ಹೆಚ್ಚಾಗಿ ಗಂಡಿನದು, ರಾತ್ರಿ ಹೆಣ್ಣಿನದು. ಒಂಟಿ ಹೆಣ್ಣಿಗೆ ಹಗಲಿನ ಪಾಳಿಗೆ ಯಾರೂ ಇಲ್ಲ, ಎರಡೂ ಅವಳದೇ. ಉಣ್ಣಲು, ರೆಕ್ಕೆ ಬಡಿಯಲು ಕೂಡ ಅವಳು ಹೆಚ್ಚು ಹೊತ್ತು ಏಳುವುದಿಲ್ಲ. ಅದಕ್ಕೇ ಕಾಳು, ನೀರು, ಸೊಪ್ಪನ್ನು ಮೊಟ್ಟೆಯ ಹತ್ತಿರಕ್ಕೇ ತಂದಿಡುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡುತ್ತೇನೆ. ಇಷ್ಟು ಸಣ್ಣ ಹಕ್ಕಿ ಕೆಲವೇ ಗ್ರಾಂ ಇಳಿದರೂ ಅದು ಗಮನಿಸಬೇಕಾದ ಸಂಗತಿ.

ಮನೆಯನ್ನು ತಿದ್ದುವುದು

ಇಟ್ಟ ಮೊಟ್ಟೆಗೆ ತಾಳ್ಮೆ ಬೇಕು, ಮುಂದಿನದನ್ನು ತಡೆಯಲು ಶಿಸ್ತು ಬೇಕು. ಮೊದಲನೆಯದು ಬೆಳಕು. ಹಕ್ಕಿಯ ದೇಹ ದಿನದ ಉದ್ದವನ್ನು ಅಳೆಯುತ್ತದೆ, ಬೆಳಕು ಹೆಚ್ಚಿದಷ್ಟೂ ಮೊಟ್ಟೆಯ ಕಾಲ ಹತ್ತಿರವಾಯಿತೆಂದು ತಿಳಿಯುತ್ತದೆ. ಬೆಂಗಳೂರಿನ ನಿಜವಾದ ಹಗಲು ಬೇಸಿಗೆಯಲ್ಲೂ 13 ತಾಸನ್ನು ದಾಟುವುದಿಲ್ಲ, ನಮ್ಮ ಹಾಲಿನ ಹಗಲು 16 ತಾಸು ದಾಟುತ್ತಿತ್ತು. ಈಗ ಸಂಜೆಯೇ ಬೆಳ್ಳಿಯ ಪಂಜರ ಒಳಕೋಣೆಗೆ ಹೋಗುತ್ತದೆ. ಅಲ್ಲಿ 12ರಿಂದ 14 ತಾಸು ಸದ್ದಿಲ್ಲದ ಕತ್ತಲೆ. ಕಾಕಟೀಲ್‌ಗಳು ರಾತ್ರಿ ಏಕಾಏಕಿ ಬೆದರಿ ಪಂಜರದೊಳಗೇ ಬಡಿದುಕೊಳ್ಳುವುದುಂಟು, ಅದಕ್ಕೆ ತುಸು ಮಂದ ಬೆಳಕು ಬರಲೆಂದು ಕೋಣೆಯ ಬಾಗಿಲನ್ನು ಒಂದಿಷ್ಟು ಓರೆ ಮಾಡಿರುತ್ತೇವೆ.

ಎರಡನೆಯದು ಮೂಲೆಗಳು. ಬೀರುವಿನ ಅಡಿ, ಸೋಫಾದ ಹಿಂದೆ, ಚಪ್ಪಲಿ ಸ್ಟ್ಯಾಂಡು, ಮಡಿಸಿಟ್ಟ ರಗ್ಗಿನ ಸಂದು, ಎಲ್ಲಕ್ಕೂ ತಡೆ ಹಾಕಿದೆವು. ಬಟ್ಟೆಯ ಗುಡಾರ, ಮರದ ಗೂಡು, ಕನ್ನಡಿ ಪಂಜರದಿಂದ ಹೊರಬಂದವು. ಕನ್ನಡಿಯಲ್ಲಿ ಕಾಣುವ ಹಕ್ಕಿಯೂ ಅವಳಿಗೆ ಜೊತೆಯೇ. ಕೂರುವ ಕೊಂಬೆಗಳ ಜಾಗವನ್ನು ಆಗಾಗ ಬದಲಾಯಿಸುತ್ತೇವೆ, ನೆಲೆ ಸ್ಥಿರವಲ್ಲ ಎಂದು ಕಂಡರೆ ಹಕ್ಕಿ ಗೂಡು ಕಟ್ಟಲು ಹಿಂಜರಿಯುತ್ತದೆ.

ಮೂರನೆಯದು ನಮ್ಮ ಕೈ. ಮನಸ್ಸಿಗೆ ಹೆಚ್ಚು ಕಷ್ಟವಾದದ್ದು ಇದೇ. ಕಾಕಟೀಲ್‌ಗಳು ಒಂದರ ತಲೆ, ಕುತ್ತಿಗೆಯನ್ನು ಇನ್ನೊಂದು ನೇವರಿಸುವುದು ಸ್ನೇಹ. ಬೆನ್ನು, ರೆಕ್ಕೆಯಡಿ, ಬಾಲದ ಬುಡ ಸವರಿದರೆ ಅದು ಕೂಡುವ ಕರೆ. ನನ್ನ ಮಗಳ ಮುಂದೆ ಬೆಳ್ಳಿ ಮೈ ತಗ್ಗಿಸಿ, ಬಾಲವೆತ್ತಿ ಸಣ್ಣಗೆ ಉಲಿಯುತ್ತಿದ್ದುದು ಅವಳನ್ನೇ ಜೊತೆಗಾರ ಎಂದುಕೊಂಡದ್ದರಿಂದ. ಈಗ ಮಗಳು ಜುಟ್ಟಿನ ಬುಡ, ಕೆನ್ನೆ ಮಾತ್ರ ಕೆರೆಯುತ್ತಾಳೆ. ಬೆಳ್ಳಿ ಆ ಭಂಗಿಗೆ ಇಳಿದರೆ ಗದರದೆ ಕೊಂಬೆಯ ಮೇಲೆ ಬಿಟ್ಟು ಪಕ್ಕಕ್ಕೆ ಸರಿಯುತ್ತಾಳೆ. ಪ್ರೀತಿಯನ್ನು ಹಕ್ಕಿಯ ಭಾಷೆಯಲ್ಲಿ ಹೇಳಬೇಕು ಎಂಬ ಪಾಠ ಮಗುವಿಗೆ ನಮಗಿಂತ ಬೇಗ ಹತ್ತಿತು.

ತಡಮಾಡಬಾರದ ದಿನ

ಇಷ್ಟೆಲ್ಲ ಮಾಡಿದರೂ ಮೊಟ್ಟೆ ಪೂರ್ತಿ ನಿಲ್ಲಲಿಲ್ಲ, ಅಪರೂಪವಾಯಿತು. ಅಂಥದೊಂದು ಸಲ ಬೆಳ್ಳಿ ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕೂತಳು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮುಕ್ಕಿದರೂ ಏನೂ ಬರುತ್ತಿರಲಿಲ್ಲ, ಕಾಲಿನ ಹಿಡಿತ ಸಡಿಲಾಗಿತ್ತು. ಇವು ಮೊಟ್ಟೆ ಸಿಕ್ಕಿಕೊಂಡ ಲಕ್ಷಣಗಳೆಂದು ವೈದ್ಯರು ಮೊದಲೇ ಹೇಳಿದ್ದರು. ಹರಳೆಣ್ಣೆ ಹಚ್ಚಿ, ಹೊಟ್ಟೆ ಮೆಲ್ಲಗೆ ಒತ್ತಿ ಎನ್ನುವ ಸಲಹೆಗಳನ್ನು ಬದಿಗಿಟ್ಟೆ. ಒತ್ತಿದರೆ ಮೊಟ್ಟೆ ಒಳಗೇ ಒಡೆದು ಜೀವಕ್ಕೇ ಅಪಾಯ. ಪುಟ್ಟ ಪೆಟ್ಟಿಗೆಯ ಒಂದು ಬದಿಗೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು, ಸೆಖೆಯಾದರೆ ಅವಳು ಇನ್ನೊಂದು ಬದಿಗೆ ಸರಿಯುವಂತೆ ಜಾಗ ಬಿಟ್ಟು, ನೇರ ಆಸ್ಪತ್ರೆಗೆ ಹೊರಟೆವು. ಎಕ್ಸ್‌ರೇಯಲ್ಲಿ ಮೊಟ್ಟೆ ಕಂಡಿತು. ಕ್ಯಾಲ್ಸಿಯಂ ಚುಚ್ಚುಮದ್ದು, ಬಿಸುಪು, ತೇವದ ಗಾಳಿ. ಕೆಲವು ತಾಸಿನಲ್ಲಿ ತೆಳು ಚಿಪ್ಪಿನ ಮೊಟ್ಟೆ ಹೊರಬಂತು.

ನಾಯಿ, ಬೆಕ್ಕು ನೋಡುವ ಎಲ್ಲ ಕ್ಲಿನಿಕ್ಕುಗಳಲ್ಲೂ ಹಕ್ಕಿ ನೋಡುವವರು ಇರುವುದಿಲ್ಲ. ಹಕ್ಕಿ ಆರೋಗ್ಯವಾಗಿರುವಾಗಲೇ ಅಂಥ ವೈದ್ಯರ ನಂಬರ್ ಗೊತ್ತುಮಾಡಿಕೊಂಡಿರಬೇಕು. ಮನೆ ತಿದ್ದಿದರೂ ಮೊಟ್ಟೆ ನಿಲ್ಲದಿದ್ದರೆ ಲ್ಯುಪ್ರೊಲೈಡ್‌ನಂಥ ಹಾರ್ಮೋನ್ ಚುಚ್ಚುಮದ್ದು ಇದೆ. ಅದರ ಪರಿಣಾಮ ಕೆಲವು ವಾರಗಳದ್ದು. ಅದು ಮನೆಯ ಶಿಸ್ತಿಗೆ ಬದಲಿಯಲ್ಲ, ಆಸರೆ.

ಜೋಡಿ ತರಬೇಕೇ?

"ಪಾಪ, ಒಂಟಿಯಾಗಿದ್ದಾಳೆ. ಒಂದು ಗಂಡು ತಂದುಬಿಡಮ್ಮ, ಎಲ್ಲ ಸರಿಹೋಗುತ್ತೆ" ಎಂದು ಅತ್ತೆ ಹೇಳಿದ್ದು ಅಂತಃಕರಣದಿಂದ. ಒಂಟಿತನದ ಬಗ್ಗೆ ಅವರ ಮಾತು ನಿಜ, ಬಯಲಿನಲ್ಲಿ ಕಾಕಟೀಲ್ ಒಂಟಿಯಾಗಿ ಬದುಕುವುದಿಲ್ಲ. ಆದರೆ ಗಂಡು ಬಂದರೆ ಮೊಟ್ಟೆ ನಿಲ್ಲುವುದಿಲ್ಲ, ಮರಿಯಾಗತೊಡಗುತ್ತದೆ. ಮೊದಲೇ ಸವೆದ ದೇಹಕ್ಕೆ ಅದು ಇನ್ನೂ ಭಾರ, ಹುಟ್ಟಿದ ಮರಿಗಳಿಗೆ ಒಳ್ಳೆಯ ಮನೆ ಹುಡುಕುವ ಹೊಣೆ ಬೇರೆ. ಅತ್ತೆಗೆ ಹೀಗೆಂದು ಹೇಳಿದೆ, ಅವರು ಒಪ್ಪಿದರು. ಈಗ ಮಧ್ಯಾಹ್ನ ನಾವೆಲ್ಲ ಹೊರಗಿರುವಾಗ ಬೆಳ್ಳಿಯೊಡನೆ ಮಾತಾಡುತ್ತ ಕೂರುವವರು ಅವರೇ. ಕಾಳನ್ನು ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬಚ್ಚಿಟ್ಟು, ಅವಳು ಹುಡುಕಿ ತಿನ್ನುವಂತೆ ಮಾಡುವುದೂ ಅವರ ಕೆಲಸ. ಹಕ್ಕಿಗೆ ಬೇಕಾದದ್ದು ಒಡನಾಟ ಮತ್ತು ದಿನವಿಡೀ ಮಾಡಲು ಏನಾದರೂ ಕೆಲಸ. ಅದನ್ನು ಕೊಡಲು ಮನೆಯವರಿಗೆ ಸಮಯವಿರಬೇಕು.

ನಿಮ್ಮ ಒಂಟಿ ಕಾಕಟೀಲ್ ಮೊಟ್ಟೆಯಿಟ್ಟರೆ ಹಕ್ಕಿಯಲ್ಲಿ ಏನೋ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಶುಭಸೂಚನೆಯೆಂದು ಸಂಭ್ರಮಿಸಿ ಸುಮ್ಮನಾಗಲೂಬೇಡಿ. ಮೊಟ್ಟೆಯನ್ನು ಅವಳ ಪಾಲಿಗೆ ಬಿಡಿ, ಬಟ್ಟಲಿಗೆ ಸೊಪ್ಪು, ಕ್ಯಾಲ್ಸಿಯಂ ಸೇರಿಸಿ, ವೈದ್ಯರಿಗೆ ತೋರಿಸಿ. ಆ ಸಂಜೆಯಿಂದಲೇ ಅವಳ ಕೋಣೆಯ ದೀಪ ಬೇಗ ಆರಿಸಿ. ಬಯಲಿನಲ್ಲಿ ಸುಗ್ಗಿ ಮುಗಿಸಲು ಬರಗಾಲ ಬರುತ್ತದೆ. ಮನೆಯಲ್ಲಿ ಆ ಕೆಲಸ ನಮ್ಮದು. ಹಸಿವು, ಬಾಯಾರಿಕೆ ಇಲ್ಲದೆ ಅದನ್ನು ಮುಗಿಸಲು ನಮಗೆ ಸಾಧ್ಯವಿದೆ, ಆ ಸಾಧ್ಯತೆಯೇ ಸಾಕುವವರ ಜವಾಬ್ದಾರಿ.