ಮಂಜೂರಾದ ಕಾಮಗಾರಿಯ ವ್ಯಾಪ್ತಿ: ಸ್ಥಳದಲ್ಲಿ ಸೇರ್ಪಡೆಯಾಗುವ ಕೆಲಸಗಳ ನಿರ್ವಹಣೆ

ಗ್ರಾಮ ಪಂಚಾಯಿತಿಯ ಪ್ರತಿಯೊಂದು ಕಾಮಗಾರಿಗೂ ಒಂದು ಎಲ್ಲೆ ಇರುತ್ತದೆ. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಆಯ್ಕೆಯಾಗಿ, ಕ್ರಿಯಾ ಯೋಜನೆಯಲ್ಲಿ ಸೇರಿ, ಅಂದಾಜು ಪಟ್ಟಿ ತಯಾರಾಗಿ, ಆಡಳಿತಾತ್ಮಕ ಹಾಗೂ ತಾಂತ್ರಿಕ ಮಂಜೂರಾತಿ ದೊರೆತ ನಂತರ ಕಾರ್ಯಾದೇಶದಲ್ಲಿ ನಮೂದಾಗುವ ಉದ್ದ, ಅಗಲ, ಆಳ ಮತ್ತು ಮೊತ್ತವೇ ಆ ಎಲ್ಲೆ. ಕೆಲಸ ಆರಂಭವಾದ ಮೇಲೆ ಬಾಯಿಮಾತಿನಲ್ಲಿ ಒಂದೊಂದಾಗಿ ಸೇರುವ ಬೇಡಿಕೆಗಳು ಈ ಎಲ್ಲೆಯನ್ನು ಸದ್ದಿಲ್ಲದೆ ಅಳಿಸುತ್ತವೆ. ಇವುಗಳನ್ನು ನಿಭಾಯಿಸುವ ಕ್ರಮವನ್ನು ಸದಸ್ಯರು ಅರಿತಿರುವುದು ಅವಶ್ಯಕ.

1. ಒಂದು ಲೆಕ್ಕ

ತಿಳಿವಳಿಕೆಗಾಗಿ ಕಲ್ಪಿಸಿಕೊಂಡ ಉದಾಹರಣೆ: ಒಂದು ಬೀದಿಗೆ 120 ಮೀಟರ್ ಚರಂಡಿ ಮಂಜೂರಾಗಿದೆ. ಮೀಟರಿಗೆ ರೂ. 4,000ರಂತೆ ಅಂದಾಜು ಮೊತ್ತ ರೂ. 4,80,000. ಬೀದಿಯ ಮೇಲ್ಭಾಗದಿಂದ ಕೆಲಸ ಆರಂಭವಾಯಿತು. "ಇನ್ನೊಂದಿಷ್ಟು ಮುಂದಕ್ಕೆ ಎಳೆದುಬಿಡಿ, ಅಷ್ಟರಿಂದ ಏನಾಗುತ್ತದೆ?" ಎಂದು ಒಬ್ಬರು ಕೇಳಿದರು, ಮೇಲ್ತುದಿಯಲ್ಲಿ 20 ಮೀಟರ್ ಸೇರಿತು. 15 ಮನೆಗಳ ಬಾಗಿಲ ಮುಂದೆ ಚಪ್ಪಡಿ ಹಾಕುವ ಮಾತು ಬಂದಿತು. ಬಂಡಿ ದಾಟಲು ಒಂದು ಅಡ್ಡಮೋರಿ ಬೇಕೆಂದಾಯಿತು.

ಹೆಚ್ಚುವರಿ ಚರಂಡಿ: ರೂ. 80,000
ಚಪ್ಪಡಿ, ಮನೆಗೆ ರೂ. 3,000ರಂತೆ: ರೂ. 45,000
ಅಡ್ಡಮೋರಿ: ರೂ. 60,000
ಒಟ್ಟು: ರೂ. 1,85,000

ಬಿಡಿಯಾಗಿ ನೋಡಿದಾಗ ಪ್ರತಿಯೊಂದೂ ಸಣ್ಣದು. ಒಟ್ಟಾರೆ ಮಂಜೂರಾದ ಮೊತ್ತದ ಶೇಕಡಾ 38ಕ್ಕಿಂತ ಅಧಿಕ. ಹಣ ಹೆಚ್ಚಲಿಲ್ಲ. ಉಳಿದ ರೂ. 2,95,000ಕ್ಕೆ ಮೂಲ ಚರಂಡಿಯ ಸುಮಾರು 74 ಮೀಟರ್ ಮಾತ್ರ ಮುಗಿಯಿತು. ಕೆಳಭಾಗದ 46 ಮೀಟರ್ ಉಳಿಯಿತು. ಮೇಲಿನ ಮನೆಗಳ ನೀರೆಲ್ಲ ಹರಿದು ಬಂದು ಕೆಳಗಿನ ಮನೆಗಳ ಅಂಗಳದಲ್ಲಿ ನಿಂತಿತು. ಚರಂಡಿ ಯಾರ ಕಷ್ಟಕ್ಕಾಗಿ ಮಂಜೂರಾಗಿತ್ತೋ ಅವರ ಕಷ್ಟವೇ ಹೆಚ್ಚಾಯಿತು. ಯಾರೂ ಹಣ ದುರುಪಯೋಗ ಮಾಡಿರಲಿಲ್ಲ. ಯಾರೂ ಒಟ್ಟು ಲೆಕ್ಕ ನೋಡಿರಲಿಲ್ಲ, ಅಷ್ಟೆ.

2. ಬೇಡಿಕೆಗಳ ವಿಂಗಡಣೆ

ಸ್ಥಳದಲ್ಲಿ ಬರುವ ಬೇಡಿಕೆಗಳೆಲ್ಲವೂ ಒಂದೇ ಬಗೆಯವಲ್ಲ.

(ಅ) ಅನಿವಾರ್ಯವಾದವು: ಅಗೆಯುವಾಗ ಬಂಡೆ ಅಥವಾ ನೀರಿನ ಕೊಳವೆ ಎದುರಾಗುವುದು. ಇದನ್ನು ನಿವಾರಿಸದೆ ಮೂಲ ಕೆಲಸ ಸಾಗದು.

(ಆ) ಅಂದಾಜಿನಲ್ಲಿ ಬಿಟ್ಟುಹೋದವು: ಚರಂಡಿಯ ನೀರು ಸೇರಬೇಕಾದ ಜಾಗಕ್ಕೆ ಸಂಪರ್ಕವನ್ನೇ ತೋರಿಸದಿರುವುದು. ಇದಿಲ್ಲದೆ ಮುಗಿದ ಕೆಲಸವೂ ವ್ಯರ್ಥ.

(ಇ) ಹೊಸ ಅಪೇಕ್ಷೆಗಳು: ಬೇಡಿಕೆ ನ್ಯಾಯವಾದದ್ದೇ ಆಗಿರಬಹುದು, ಆದರೆ ಅದು ಬೇರೆಯೇ ಕಾಮಗಾರಿ.

ಮೊದಲ ಎರಡು ಬಗೆಗೆ ಇಂಜಿನಿಯರರ ಸ್ಥಳ ಪರಿಶೀಲನೆ, ಪರಿಷ್ಕೃತ ಅಂದಾಜು ಪಟ್ಟಿ ಹಾಗೂ ಸಕ್ಷಮ ಪ್ರಾಧಿಕಾರದ ಮಂಜೂರಾತಿ ಅಗತ್ಯ. ಮಂಜೂರಾತಿಯ ನಂತರವೇ ಕೆಲಸ. ಮೂರನೆಯ ಬಗೆಯದು ಮುಂದಿನ ಕ್ರಿಯಾ ಯೋಜನೆಗೆ ಹೋಗತಕ್ಕದ್ದು.

3. ಅನುದಾನದ ಕಟ್ಟಳೆ

ಹಣ ಉಳಿದಿದ್ದರೂ ಅದನ್ನು ಬೇಕಾದುದಕ್ಕೆ ಬಳಸಲಾಗದು. 15ನೇ ಹಣಕಾಸು ಆಯೋಗದ 2021-26ರ ಅವಧಿಯ ಅನುದಾನದಲ್ಲಿ ಶೇಕಡಾ 60 ಭಾಗವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಬದ್ಧವಾಗಿತ್ತು. ಇಂತಹ ಬದ್ಧ ಅನುದಾನದ ಚರಂಡಿ ಕಾಮಗಾರಿಗೆ ರಸ್ತೆಯ ತುಂಡೊಂದನ್ನು ಜೋಡಿಸಿದರೆ ಅದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ಗುರಿಯಾಗುತ್ತದೆ. ಹಾಗೆಯೇ, ದೊಡ್ಡ ಹೊಸ ಕೆಲಸವನ್ನು ನಡೆಯುತ್ತಿರುವ ಗುತ್ತಿಗೆಗೆ ಸೇರಿಸಿಬಿಡುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಆಶಯಕ್ಕೆ ವಿರುದ್ಧವಾದುದು.

4. ಸದಸ್ಯರು ಅನುಸರಿಸಬೇಕಾದ ಕ್ರಮ

• ಕೆಲಸ ಆರಂಭವಾಗುವ ಮುನ್ನ ಅಂದಾಜು ಪಟ್ಟಿಯನ್ನು ಬೀದಿಯ ಜನರ ಎದುರು ಓದಿ, ಆರಂಭ ಮತ್ತು ಅಂತ್ಯದ ಸ್ಥಳಗಳಲ್ಲಿ ಗುರುತು ಹಾಕಿಸುವುದು. ಯಾವುದು ಈ ಕಾಮಗಾರಿಯಲ್ಲಿ ಇಲ್ಲ ಎಂಬುದನ್ನೂ ಆಗಲೇ ತಿಳಿಸುವುದು.
• ಚರಂಡಿ ಕಾಮಗಾರಿಯನ್ನು ನೀರು ಹೊರಹೋಗುವ ತುದಿಯಿಂದ ಆರಂಭಿಸುವಂತೆ ಕೋರುವುದು. ನಡುವೆ ನಿಂತರೂ ಕಟ್ಟಿದಷ್ಟು ಭಾಗ ಉಪಯೋಗಕ್ಕೆ ಬರುತ್ತದೆ.
• ಗುತ್ತಿಗೆದಾರರಿಗೆ ಅಥವಾ ಮೇಸ್ತ್ರಿಗೆ ಮೌಖಿಕ ಸೂಚನೆ ನೀಡದಿರುವುದು. ಮಂಜೂರಾತಿ ಇಲ್ಲದ ಕೆಲಸವನ್ನು ಅಳತೆ ಪುಸ್ತಕದಲ್ಲಿ ದಾಖಲಿಸಿ ಪಾವತಿ ಮಾಡಲಾಗದು. ಸದಸ್ಯರ ಮಾತು ನಂಬಿ ಕೆಲಸ ಮಾಡಿದವರ ಕೂಲಿ ಬಾಕಿ ಉಳಿಯುತ್ತದೆ.
• ಪ್ರತಿ ಬೇಡಿಕೆಯನ್ನು ದಿನಾಂಕ ಮತ್ತು ಅಂದಾಜು ವೆಚ್ಚದೊಡನೆ ಒಂದೇ ಪಟ್ಟಿಯಲ್ಲಿ ಬರೆದು, ಒಟ್ಟು ಮೊತ್ತವನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸುವುದು.
• ಒಂದನ್ನು ಸೇರಿಸಲು ಸಭೆ ಬಯಸಿದರೆ ಯಾವುದನ್ನು ಕೈಬಿಡಬೇಕು, ಅದರಿಂದ ಯಾರಿಗೆ ತೊಂದರೆ ಎಂಬುದನ್ನೂ ಅದೇ ಸಭೆಯಲ್ಲಿ ಚರ್ಚಿಸುವುದು.

5. ನಿರಾಕರಣೆಯ ಮಾತು

ಪರಿಚಿತರಿಗೆ, ಮತ ನೀಡಿದವರಿಗೆ ಇಲ್ಲವೆನ್ನುವುದು ಸುಲಭವಲ್ಲ. ಆದರೆ ಸ್ಥಳದಲ್ಲೇ ಆಗಲಿ ಎಂದು ಒಪ್ಪಿ ನಂತರ ಕೈಚೆಲ್ಲುವುದಕ್ಕಿಂತ ನೇರ ಮಾತು ಉತ್ತಮ. ಹಿರಿಯರೊಬ್ಬರು ಕೇಳಿದಾಗ ಸದಸ್ಯರು ಹೀಗೆ ಹೇಳಬಹುದು: "ಯಜಮಾನರೇ, ನೀವು ಕೇಳುವುದು ಸರಿಯೇ. ಆದರೆ ಈ ಅಂದಾಜಿನಲ್ಲಿ ಅದಿಲ್ಲ. ಈಗ ಸೇರಿಸಿದರೆ ಕೆಳಗಿನ ಮನೆಯವರಿಗೆ ಚರಂಡಿ ಸಿಗುವುದಿಲ್ಲ. ಒಂದು ಅರ್ಜಿ ಕೊಡಿ, ಮುಂದಿನ ಸಭೆಯಲ್ಲಿ ನಾನೇ ಮಂಡಿಸುತ್ತೇನೆ." ಹೀಗೆ ಹೇಳಿದ ಸದಸ್ಯರು ಅರ್ಜಿಯನ್ನು ಮಂಡಿಸಲೇಬೇಕು. ಇಲ್ಲವಾದರೆ ಮುಂದಿನ ಬಾರಿ ಅವರ ಮಾತಿಗೆ ಬೆಲೆ ಇರುವುದಿಲ್ಲ.

ಸಭೆಯಲ್ಲಿ ಚರ್ಚಿಸಲು

ಪ್ರಸ್ತುತ ನಡೆಯುತ್ತಿರುವ ಒಂದು ಕಾಮಗಾರಿಯ ಅಂದಾಜು ಪಟ್ಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಪಡೆದು, ಸ್ಥಳಕ್ಕೆ ಭೇಟಿ ನೀಡಿ ಹೋಲಿಸುವುದು. ಪಟ್ಟಿಯಲ್ಲಿಲ್ಲದ ಕೆಲಸ ಕಂಡುಬಂದಲ್ಲಿ ಅದು ಮೇಲಿನ ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ನಿರ್ಧರಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸುವುದು.